ಆಕೃತಿಗಳನ್ನು ಕಲಿಸುವ ಚಿತ್ರಪುಸ್ತಕಗಳು: ಪುಣೆಯ ಕನ್ನಡ ಮನೆಗಳಿಗೊಂದು ಪರಿಚಯ

ಅಕ್ಷರ ಮತ್ತು ಅಂಕಿಗಳ ಪರಿಚಯಕ್ಕೂ ಮೊದಲೇ ಮಗುವಿಗೆ ಆಕಾರಗಳ ಪರಿಚಯವಾಗಿರುತ್ತದೆ. ರೊಟ್ಟಿ ದುಂಡಗಿದೆ, ಪೆಟ್ಟಿಗೆಗೆ ಮೂಲೆಗಳಿವೆ, ಚೆಂಡು ಉರುಳುತ್ತದೆ ಎಂಬುದನ್ನು ಅದು ಯಾರೂ ಹೇಳಿಕೊಡದೆಯೇ ಕಂಡುಕೊಳ್ಳುತ್ತದೆ. ಈ ಅನುಭವಕ್ಕೆ ಹೆಸರು ಕೊಟ್ಟು, ಒಂದು ಆಕೃತಿಗೂ ಇನ್ನೊಂದಕ್ಕೂ ಇರುವ ಸಾಮ್ಯ ಮತ್ತು ಭೇದಗಳನ್ನು ತೋರಿಸುವುದೇ ಆಕೃತಿಗಳ ಚಿತ್ರಪುಸ್ತಕದ ಕೆಲಸ. ನೋಡಲು ಸರಳವೆನಿಸುವ ಈ ಪುಸ್ತಕಗಳು ಮುಂದಿನ ರೇಖಾಗಣಿತದ ಅಡಿಪಾಯವನ್ನು ಗಟ್ಟಿಗೊಳಿಸಬಲ್ಲವು, ಸಡಿಲಗೊಳಿಸಲೂ ಬಲ್ಲವು. ಆದುದರಿಂದ ಇವುಗಳ ಆಯ್ಕೆಯಲ್ಲಿ ತಂದೆತಾಯಂದಿರು ತುಸು ಎಚ್ಚರ ವಹಿಸುವುದು ಅಗತ್ಯ.

ಹಿನ್ನೆಲೆ

ಚಿತ್ರಗಳ ಮೂಲಕ ಮಕ್ಕಳಿಗೆ ಪಾಠ ಹೇಳುವ ಪುಸ್ತಕಗಳ ಇತಿಹಾಸವನ್ನು ಸಾಮಾನ್ಯವಾಗಿ ಕೊಮೇನಿಯಸ್‌ನಿಂದ ಆರಂಭಿಸುತ್ತಾರೆ. ಆತನ 'ಆರ್ಬಿಸ್ ಪಿಕ್ಟಸ್' ಗ್ರಂಥ 1658ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಪ್ರಕಟವಾಯಿತು. ಶಿಶುವಿಹಾರದ ಪ್ರವರ್ತಕನಾದ ಜರ್ಮನಿಯ ಫ್ರೋಬೆಲ್ 1837ರಲ್ಲಿ ತನ್ನ ಸಂಸ್ಥೆಯನ್ನು ಆರಂಭಿಸಿ, ಗೋಲ, ಘನ, ಉರುಳೆಗಳಂಥ ಆಟಿಕೆಗಳನ್ನು ಮಕ್ಕಳ ಕೈಗಿತ್ತನು. ಮೊದಲು ಕೈಯಲ್ಲಿ ಹಿಡಿಯುವ ವಸ್ತು, ಬಳಿಕ ಕಾಗದದ ಮೇಲಿನ ಚಿತ್ರ ಎಂಬ ಆತನ ಕ್ರಮ ಇಂದಿಗೂ ಮಾನ್ಯವಾದುದು. ಭಾರತದಲ್ಲಿ ಟಿ. ಸುಂದರ ರಾವ್ ಅವರು ಕಾಗದ ಮಡಿಚುವುದರಿಂದಲೇ ರೇಖಾಗಣಿತವನ್ನು ಕಲಿಯುವ ವಿಧಾನವನ್ನು ವಿವರಿಸಿದ ಪುಸ್ತಕ 1893ರಲ್ಲಿ ಮದರಾಸಿನಲ್ಲಿ ಹೊರಬಂದಿತು. ಅಮೆರಿಕದ ತಾನಾ ಹೋಬನ್ 1974ರಲ್ಲಿ ವೃತ್ತ, ತ್ರಿಭುಜ ಮತ್ತು ಚೌಕಗಳ ಕುರಿತಾದ ತಮ್ಮ ಪುಸ್ತಕದಲ್ಲಿ ದೈನಂದಿನ ಜೀವನದ ಛಾಯಾಚಿತ್ರಗಳನ್ನೇ ಬಳಸಿದರು.

ಕನ್ನಡ ನಾಡಿಗೂ ಈ ವಿಷಯ ಹೊಸದಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು 9ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಕ್ಷೇತ್ರಗಳ ಗಣಿತಕ್ಕೆ ಪ್ರತ್ಯೇಕ ಸ್ಥಾನವಿದೆ. 12ನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ 'ಕ್ಷೇತ್ರಗಣಿತ'ವನ್ನು ರಚಿಸಿದನು. ಆಕೃತಿಗಳ ಕುರಿತು ಮಾತನಾಡುವ ಶಕ್ತಿ ನಮ್ಮ ನುಡಿಗೆ ಅಂದಿನಿಂದಲೇ ಇದೆ.

ಶಿವಾಜಿನಗರದ ಬಾಲಭಾರತಿ

ಪುಣೆಯ ಶಿವಾಜಿನಗರ ಭಾಗದ ಸೇನಾಪತಿ ಬಾಪಟ್ ರಸ್ತೆಯಲ್ಲಿರುವ ಮಹಾರಾಷ್ಟ್ರ ರಾಜ್ಯ ಪಠ್ಯಪುಸ್ತಕ ಮಂಡಳಿ 'ಬಾಲಭಾರತಿ' ಎಂದೇ ಪ್ರಸಿದ್ಧ. 1967ರ ಜನವರಿ 27ರಂದು ಸ್ಥಾಪನೆಗೊಂಡ ಈ ಸಂಸ್ಥೆಯು ಮರಾಠಿಯೊಂದಿಗೆ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಪಠ್ಯಪುಸ್ತಕಗಳನ್ನು ಸಿದ್ಧಪಡಿಸುತ್ತದೆ. ಸೊಲ್ಲಾಪುರ, ಸಾಂಗಲಿ ಮೊದಲಾದ ಗಡಿ ಜಿಲ್ಲೆಗಳ ಕನ್ನಡ ಶಾಲೆಗಳ ಮಕ್ಕಳು ಓದುವುದು ಈ ಪುಸ್ತಕಗಳನ್ನೇ. ಅಕ್ಕಲಕೋಟೆಯ ಅಥವಾ ಜತ್ತಿನ ಮಗುವೊಂದು ಒಂದನೆಯ ತರಗತಿಯ ಗಣಿತ ಪುಸ್ತಕದಲ್ಲಿ ತ್ರಿಕೋನವನ್ನು ಕನ್ನಡದಲ್ಲಿ ಗುರುತಿಸುವುದರ ಹಿಂದೆ ಪುಣೆಯ ಈ ಸಂಸ್ಥೆಯ ಪಾತ್ರವಿದೆ ಎಂಬುದು ನಮ್ಮಲ್ಲಿ ಅನೇಕರು ಗಮನಿಸದ ಸಂಗತಿ.

ಪುಸ್ತಕಗಳ ಸಾಮಾನ್ಯ ದೋಷಗಳು

ಡಚ್ ಶಿಕ್ಷಣತಜ್ಞರಾದ ವಾನ್ ಹೀಲೆ ದಂಪತಿಗಳು 1957ರಲ್ಲಿ ಮಂಡಿಸಿದ ವಿಚಾರದಂತೆ, ಮಗು ಮೊದಲ ಹಂತದಲ್ಲಿ ಆಕೃತಿಯನ್ನು ಅದರ ಒಟ್ಟು ನೋಟದಿಂದ ಗುರುತಿಸುತ್ತದೆಯೇ ಹೊರತು ಬಾಹುಗಳನ್ನಾಗಲಿ ಮೂಲೆಗಳನ್ನಾಗಲಿ ಎಣಿಸಿ ಅಲ್ಲ. 1999ರಲ್ಲಿ ಅಮೆರಿಕದ ಡಗ್ಲಸ್ ಕ್ಲೆಮೆಂಟ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಮೂರರಿಂದ ಆರು ವರ್ಷದ ಮಕ್ಕಳು ವೃತ್ತವನ್ನು ಸುಲಭವಾಗಿ ಗುರುತಿಸಿದರು, ತ್ರಿಭುಜ ಮತ್ತು ಆಯತಗಳಲ್ಲಿ ಹೆಚ್ಚು ತಪ್ಪಿದರು. ಮಗುವಿನ ಮನಸ್ಸಿನಲ್ಲಿ ನೆಲೆಯೂರುವುದು ತಾನು ಕಂಡ ಚಿತ್ರವೇ ಆದ್ದರಿಂದ ಪುಸ್ತಕವು ಯಾವ ಚಿತ್ರವನ್ನು, ಎಷ್ಟು ಬಗೆಯಲ್ಲಿ ತೋರಿಸುತ್ತದೆ ಎಂಬುದು ಮುಖ್ಯವಾಗುತ್ತದೆ.

ಬಹುತೇಕ ಅಗ್ಗದ ಪುಸ್ತಕಗಳಲ್ಲಿ ತ್ರಿಭುಜವೆಂದರೆ ಮೂರೂ ಬದಿ ಸಮವಾಗಿರುವ, ನೆಲದ ಮೇಲೆ ನೆಟ್ಟಗೆ ಕುಳಿತ ಒಂದೇ ಚಿತ್ರ. ಇದನ್ನಷ್ಟೇ ಕಂಡ ಮಗು ಅದೇ ತ್ರಿಭುಜವನ್ನು ತಲೆಕೆಳಗು ಮಾಡಿದರೆ 'ಇದು ಅಲ್ಲ' ಎನ್ನುತ್ತದೆ. ಚೌಕವನ್ನು ಓರೆಯಾಗಿಸಿ ಮೂಲೆಯ ಮೇಲೆ ನಿಲ್ಲಿಸಿದರೆ ಅದಕ್ಕೆ ವಜ್ರವೆಂಬ ಬೇರೆ ಹೆಸರು ಕೊಡುತ್ತದೆ. ತಿರುಗಿಸಿದ ಮಾತ್ರಕ್ಕೆ ಆಕೃತಿ ಬದಲಾಗುವುದಿಲ್ಲ ಎಂಬ ತಿಳಿವಳಿಕೆ ಇಲ್ಲಿಯೇ ತಪ್ಪಿಹೋಗುತ್ತದೆ.

ಎರಡನೆಯ ದೋಷವೆಂದರೆ ಚೆಂಡನ್ನು ವೃತ್ತವೆಂದೂ ಪೆಟ್ಟಿಗೆಯನ್ನು ಚೌಕವೆಂದೂ ಹೆಸರಿಸುವುದು. ಚೆಂಡು ಗೋಲ, ಬಳೆಯ ಅಂಚು ವೃತ್ತ. ಮೂರನೆಯದು, ಚೌಕ ಮತ್ತು ಆಯತಗಳು ಪರಸ್ಪರ ಸಂಬಂಧವಿಲ್ಲದವು ಎಂಬ ಭಾವನೆ ಮೂಡಿಸುವುದು. ನಾಲ್ಕೂ ಕೋನಗಳು ಲಂಬಕೋನಗಳಾಗಿರುವ ಚೌಕವೂ ಒಂದು ಆಯತವೇ. ಎಳೆಯ ಮಗುವಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ 'ಚೌಕ ಆಯತವಲ್ಲ' ಎಂದು ಕಲಿಸಿ ಮುಂದೆ ಅಳಿಸಬೇಕಾದ ಪಾಠವನ್ನು ಇಂದು ಬರೆಯಬಾರದು.

ಮೂರು ಭಾಷೆಗಳ ನಡುವೆ

ಪುಣೆಯ ಕನ್ನಡ ಮಗುವಿನ ಮುಂದೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಕೇಳುವ 'ವೃತ್ತ' ಮರಾಠಿಯಲ್ಲಿ 'ವರ್ತುಳ', ಶಾಲೆಯಲ್ಲಿ 'ಸರ್ಕಲ್'. ನಮ್ಮ 'ಚೌಕ' ಮರಾಠಿಯಲ್ಲಿ 'ಚೌರಸ'. 'ಆಯತ' ಮಾತ್ರ ಎರಡು ಭಾಷೆಗಳಲ್ಲಿಯೂ ಒಂದೇ. ಪುಣೆಯ ಬೀದಿಗಳಲ್ಲಿ 'ಚೌಕ' ಎಂದರೆ ರಸ್ತೆಗಳು ಕೂಡುವ ಸ್ಥಳ. ಶಿವಾಜಿನಗರದ ಸಿಮ್ಲಾ ಆಫೀಸ್ ಚೌಕ ಇದಕ್ಕೆ ನಿದರ್ಶನ. ಬೆಂಗಳೂರಿನಲ್ಲಿ ಅಂಥದೇ ಸ್ಥಳಕ್ಕೆ 'ಸರ್ಕಲ್' ಎನ್ನುತ್ತಾರೆ. ರಜೆಗೆ ಊರಿಗೆ ಹೋದ ಮಗುವಿಗೆ ಒಂದೇ ಬಗೆಯ ಸ್ಥಳ ಇಲ್ಲಿ ಚೌಕ, ಅಲ್ಲಿ ವೃತ್ತ!

ಇದನ್ನು ಗೊಂದಲವೆಂದು ಭಾವಿಸದೆ ಅವಕಾಶವೆಂದು ಭಾವಿಸಬಹುದು. ಒಂದು ಆಕೃತಿಗೆ ಮೂರು ಹೆಸರುಗಳಿವೆ ಎಂದು ಅರಿತ ಮಗು, ಹೆಸರು ಬೇರೆಯಾದರೂ ಗುಣ ಒಂದೇ ಎಂಬುದನ್ನು ಗ್ರಹಿಸಲು ಸುಲಭವಾಗಿ ಸಿದ್ಧವಾಗುತ್ತದೆ. ಆದರೆ ಶಾಲೆ ಕನ್ನಡದ ಹೆಸರನ್ನು ಕಲಿಸದಿದ್ದಲ್ಲಿ, ಮನೆಯ ಚಿತ್ರಪುಸ್ತಕವೇ ಆ ಪದಕ್ಕೆ ಉಳಿದ ನೆಲೆ. ದುಂಡು, ಮೂಲೆ, ಅಂಚು, ಓರೆ, ನೆಟ್ಟಗೆ ಎಂಬ ಅಚ್ಚಗನ್ನಡ ಪದಗಳನ್ನು ಮಗು ಐದು ವರ್ಷದೊಳಗೆ ಕೇಳದೆ ಹೋದರೆ ಮುಂದೆ ಅವು ಅದಕ್ಕೆ ಪರಕೀಯವಾಗುವ ಸಂಭವವುಂಟು. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಹ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯಲ್ಲಿ ಮನೆಮಾತಿಗೆ ಪ್ರಾಧಾನ್ಯ ನೀಡಿದೆ.

ಆಯ್ಕೆ ಮತ್ತು ಬಳಕೆ

ಪುಸ್ತಕ ಕೊಳ್ಳುವಾಗ ಕೆಳಗಿನ ಅಂಶಗಳನ್ನು ಗಮನಿಸಬಹುದು.

1. ಪ್ರತಿಯೊಂದು ಆಕೃತಿಯೂ ಉದ್ದ, ಗಿಡ್ಡ, ಓರೆ, ತಲೆಕೆಳಗು ಹೀಗೆ ಹಲವು ರೂಪಗಳಲ್ಲಿ ಕಾಣಿಸಿಕೊಂಡಿದೆಯೇ?

2. ತ್ರಿಭುಜವಲ್ಲದ್ದನ್ನೂ, ಅಂದರೆ ಬದಿ ಬಾಗಿದ ಅಥವಾ ಮೂಲೆ ತೆರೆದ ಚಿತ್ರಗಳನ್ನೂ ಹೋಲಿಕೆಗಾಗಿ ಕೊಟ್ಟಿದೆಯೇ?

3. ಚಪ್ಪಟೆ ಆಕೃತಿ ಮತ್ತು ಘನಾಕೃತಿಗಳನ್ನು ಬೇರ್ಪಡಿಸಿದೆಯೇ?

4. ಉತ್ತರ ಹೇಳುವುದಕ್ಕಿಂತ ಪ್ರಶ್ನೆ ಕೇಳುವ ಪುಟಗಳು ಇವೆಯೇ?

ಚೆನ್ನೈನ ತೂಲಿಕಾ ಪ್ರಕಾಶನವು ಇಂಗ್ಲಿಷಿನೊಡನೆ ಕನ್ನಡ, ಮರಾಠಿ ಮೊದಲಾದ ಭಾಷೆಗಳನ್ನು ಜೋಡಿಸಿದ ದ್ವಿಭಾಷಾ ಚಿತ್ರಪುಸ್ತಕಗಳನ್ನು ಪ್ರಕಟಿಸುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ತಾಣದಲ್ಲಿ ಕನ್ನಡ ಹಾಗೂ ಮರಾಠಿ ಚಿತ್ರಕಥೆಗಳನ್ನು ಉಚಿತವಾಗಿ ಓದಬಹುದು.

ಪುಸ್ತಕ ಮುಚ್ಚಿದ ಮೇಲೆ ಪಾಠ ಮುಂದುವರಿಯಬೇಕು. ಅಡುಗೆಮನೆಯಲ್ಲಿ ಶಂಕರಪೋಳಿ ಕತ್ತರಿಸುವಾಗ ಓರೆ ಗೆರೆಗಳು ಎಂಥ ತುಂಡುಗಳನ್ನು ಮಾಡುತ್ತವೆಂದು ತೋರಿಸಬಹುದು. ಚುಕ್ಕಿ ರಂಗೋಲಿಯಲ್ಲಿ ತ್ರಿಭುಜಗಳನ್ನು ಹುಡುಕಿಸಬಹುದು. ಶಿವಾಜಿನಗರದ ಜಂಗಲಿ ಮಹಾರಾಜ ರಸ್ತೆಯಲ್ಲಿ ರಾಷ್ಟ್ರಕೂಟರ ಕಾಲದ, 8ನೆಯ ಶತಮಾನದ ಪಾತಾಳೇಶ್ವರ ಗುಹಾದೇವಾಲಯವಿದೆ. ಅದರ ನಂದಿಮಂಟಪದ ಛಾವಣಿ ಕೊಡೆಯಂತೆ ದುಂಡಗಿದ್ದು, ಅದನ್ನು ಹೊತ್ತಿರುವ ಕಂಬಗಳು ಚೌಕಾಕಾರದವು. ಮಗು ಅದರ ಸುತ್ತ ನಡೆದು ವೃತ್ತವನ್ನು ಕಾಲಿನಿಂದಲೂ ಕಂಬ ಮುಟ್ಟಿ ಮೂಲೆಯನ್ನು ಕೈಯಿಂದಲೂ ಅರಿಯಬಹುದು.

ಹೆಸರನ್ನು ಒಂದೇ ಚಿತ್ರಕ್ಕೆ ಕಟ್ಟಿಹಾಕದೆ ಹಲವು ರೂಪಗಳಲ್ಲಿ ಒಂದೇ ಗುಣವನ್ನು ಕಾಣಿಸುವ ಪುಸ್ತಕವೇ ಒಳ್ಳೆಯ ಪುಸ್ತಕ. ಅಂಥದೊಂದನ್ನು ಮಗುವಿನ ಜೊತೆ ಕುಳಿತು ಕನ್ನಡದಲ್ಲಿ ಓದುವ ಹೊತ್ತು, ಗಣಿತಕ್ಕೂ ಮನೆಮಾತಿಗೂ ಏಕಕಾಲದಲ್ಲಿ ಸಲ್ಲುವ ಸೇವೆಯಾಗಿದೆ.