ಗುರುವಾರದ ಚೀಲ: ಚನ್ನರಾಯಪಟ್ಟಣ ತಾಲ್ಲೂಕಿನ ಉಪಕೇಂದ್ರಗಳು ಮತ್ತು ಘನ ವೈದ್ಯಕೀಯ ತ್ಯಾಜ್ಯ

ವೈದ್ಯಕೀಯ ತ್ಯಾಜ್ಯದ ಚರ್ಚೆ ಸಾಮಾನ್ಯವಾಗಿ ಆಸ್ಪತ್ರೆಯ ಹಾಸಿಗೆಗಳ ಲೆಕ್ಕದಲ್ಲೇ ನಡೆಯುತ್ತದೆ. ಹಿರೀಸಾವೆ, ನುಗ್ಗೇಹಳ್ಳಿ, ಬಾಗೂರು ಹೋಬಳಿಗಳ ಹಳ್ಳಿಗಳಿಗೆ ಆ ಲೆಕ್ಕ ಒಗ್ಗದು. ಬಯಲು ಪ್ರದೇಶದಲ್ಲಿ 5,000 ಜನರಿಗೆ ಒಂದು ಉಪಕೇಂದ್ರವೆಂಬುದು ಮಾನದಂಡ. ಊರವರು ನರ್ಸಮ್ಮ ಎನ್ನುವ ಆರೋಗ್ಯ ಕಾರ್ಯಕರ್ತೆಯೇ ಅಲ್ಲಿ ಎಲ್ಲವನ್ನೂ ನೋಡಿಕೊಳ್ಳಬೇಕು. ಪ್ರತಿ ಗುರುವಾರದ ಲಸಿಕೆ ಮುಗಿದಾಗ ಉಳಿಯುವುದು ಸೂಜಿ, ಸಿರಿಂಜು, ರಕ್ತ ತಾಗಿದ ಹತ್ತಿ, ಖಾಲಿ ವಯಲ್‌ಗಳು. ಅದೂ ಅರ್ಧ ಚೀಲ ತುಂಬುವಷ್ಟಲ್ಲ. ಈ ಅಲ್ಪ ಪ್ರಮಾಣವೇ ನಿರ್ವಹಣೆಯ ದೊಡ್ಡ ತೊಡಕು ಎಂಬುದು ಇಲ್ಲಿನ ವಾದ.

1998ರ ನಿಯಮಗಳ ಜಾಗಕ್ಕೆ ಬಂದ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಲಸಿಕಾ ಶಿಬಿರವನ್ನೂ ತಮ್ಮ ವ್ಯಾಪ್ತಿಗೆ ತಂದವು. ರಕ್ತಸಿಕ್ತ ಹತ್ತಿ, ಹೆರಿಗೆಯ ಮಾಸು ಹಳದಿ ಚೀಲಕ್ಕೆ, ಸೂಜಿ ಕತ್ತರಿಸಿದ ಸಿರಿಂಜು, ಕೈಗವಸು ಕೆಂಪಿಗೆ, ಸೂಜಿಗಳು ತೂತು ಬೀಳದ ಬಿಳಿ ಡಬ್ಬಕ್ಕೆ, ಗಾಜು ನೀಲಿಗೆ. ಬಣ್ಣಗಳನ್ನು ಗೋಡೆಗೆ ಅಂಟಿಸುವುದು ಸುಲಭ. ಕಷ್ಟವಿರುವುದು ಗಡಿಯಾರದಲ್ಲಿ: ಸಂಸ್ಕರಿಸದ ಮಾಸು ಮತ್ತು ರಕ್ತಸಿಕ್ತ ತ್ಯಾಜ್ಯವನ್ನು 48 ಗಂಟೆ ಮೀರಿ ಇಟ್ಟುಕೊಳ್ಳುವಂತಿಲ್ಲ. ಸೂಜಿಗೆ ಈ ಗಡುವಿಲ್ಲ.

ಹಿತ್ತಲಲ್ಲಿ ಹೂತುಬಿಟ್ಟರಾಯಿತಲ್ಲ ಎನ್ನುವವರಿದ್ದಾರೆ. ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲದಲ್ಲಿ ಮಾಸು ಹೂಳುವುದು ವಾಡಿಕೆಯೂ ಆಗಿತ್ತು. ಆದರೆ ಆಳ ಗುಂಡಿಗೆ ನಿಯಮ ಅವಕಾಶ ಕೊಡುವುದು ಸಾಮೂಹಿಕ ಸಂಸ್ಕರಣಾ ಘಟಕ ಕೈಗೆಟುಕದ ದೂರದ ಹಳ್ಳಿಗಳಿಗೆ ಮಾತ್ರ, ಅದೂ ಅನುಮತಿ ಪಡೆದು. ಗುಂಡಿ ಸುಮಾರು 2 ಮೀಟರ್ ಆಳವಿರಬೇಕು, ಅಂತರ್ಜಲ ಅದರ ತಳದಿಂದ ಕನಿಷ್ಠ 6 ಮೀಟರ್ ಕೆಳಗಿರಬೇಕು, ತ್ಯಾಜ್ಯದ ಮೇಲೆ ಸುಣ್ಣ ಬೀಳಬೇಕು. ಕೆರೆಯಂಚಿನ ತೋಟದ ನೆಲ ಇದಕ್ಕೆ ಆಗಿಬರದು.

ಕೆಂಪು ಚೀಲದ ಅಪಾಯವೇ ಬೇರೆ. ಅದರಲ್ಲಿರುವುದು ಬೆಲೆಯಿರುವ ಪ್ಲಾಸ್ಟಿಕ್; ಗುಜರಿಯ ದಾರಿ ಹತ್ತಿರ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಹೆಪಟೈಟಿಸ್ ಬಿ ಹರಡಿದ್ದರ ಹಿಂದೆ ಬಳಸಿದ ಸಿರಿಂಜುಗಳ ಮರುಬಳಕೆಯಿತ್ತು. ಒಮ್ಮೆ ಬಳಸಿದೊಡನೆ ಲಾಕ್ ಆಗುವ ಲಸಿಕಾ ಸಿರಿಂಜು ಈ ಭಯವನ್ನು ತಗ್ಗಿಸಿದೆ, ಸಾಮಾನ್ಯ ಸಿರಿಂಜಿನ ಮಟ್ಟಿಗೆ ಅದು ಹಾಗೇ ಇದೆ.

ಹೀಗಾಗಿ ತ್ಯಾಜ್ಯ ಒಯ್ಯುವ ಸಂಸ್ಕರಣಾ ಘಟಕದ ವಾಹನದ ವೇಳಾಪಟ್ಟಿ ತೂಕವನ್ನಲ್ಲ, ತ್ಯಾಜ್ಯದ ಬಗೆಯನ್ನು ನೋಡಬೇಕು. ಬಿಳಿ ಡಬ್ಬ ಮುಕ್ಕಾಲು ತುಂಬುವವರೆಗೆ ಕಾಯಬಹುದು. ಗುರುವಾರದ ಹಳದಿ ಚೀಲವನ್ನು ಆ ಸಂಜೆಯೇ ನರ್ಸಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಪ್ಪಿಸಿ ಸಹಿ ಪಡೆಯಲಿ. ಘಟಕದ ವಾಹನ ಅಲ್ಲಿಗೆ ಶುಕ್ರವಾರ ಬರಲಿ. ಸೋಮವಾರ ಬರುವ ವಾಹನ ಎಷ್ಟೇ ಅಚ್ಚುಕಟ್ಟಾಗಿ ಚೀಲದ ಬಾರ್‌ಕೋಡ್ ಓದಿದರೂ ನಿಯಮ ಶನಿವಾರವೇ ಮುರಿದಿರುತ್ತದೆ.