ಹೋಟೆಲಿಲ್ಲದ ನಾಡಿನ ಹೋಟೆಲುಗಳು

ಚಿನ್ನ ಸಿಕ್ಕಿತೆಂಬ ಸುದ್ದಿ ಹಬ್ಬಿದ ಊರಿಗೆ ಜನ ಬಂದು ಬೀಳುವುದೂ, ಬಂದವರಿಗೆ ಊಟ ವಸತಿ ಒದಗಿಸುವವರು ಅವರ ಬೆನ್ನಿಗೇ ಬರುವುದೂ ಎಲ್ಲ ಕಡೆ ನಡೆದ ಕತೆ. ಕೋಲಾರದಲ್ಲಿ 1880ರ ಹೊತ್ತಿಗೆ ಜಾನ್ ಟೇಲರ್ ಕಂಪನಿ ಗಣಿ ಕೆಲಸಕ್ಕೆ ಕೈಹಾಕಿದ ಮೇಲೆ ಒಣ ಬಯಲಿನಲ್ಲಿ ಪೇಟೆಗಳೇ ಎದ್ದವು. ಅದೇ ಸುಮಾರಿಗೆ ಕೊಡಗಿನ ದಕ್ಷಿಣದ ವಯನಾಡು ಸೀಮೆಯ ದೇವಾಲ, ಪಂದಲೂರುಗಳಲ್ಲೂ ಚಿನ್ನದ ಹುಚ್ಚು ಹಿಡಿಯಿತು. ಲಂಡನ್ನಿನಲ್ಲಿ ಕಂಪನಿಗಳು ನಾಯಿಕೊಡೆಯಂತೆ ಹುಟ್ಟಿ, ಕೆಲವೇ ವರ್ಷಗಳಲ್ಲಿ ನೆಲ ಕಚ್ಚಿದವು. ಕೊಡಗಿಗೆ ಜನ ನುಗ್ಗಿದ್ದು ಮಾತ್ರ ಬೇರೆ ಚಿನ್ನಕ್ಕೆ. ಅದು ಗಿಡದಲ್ಲಿ ಕೆಂಪಗೆ ಹಣ್ಣಾಗುತ್ತಿತ್ತು.

ಅರಸರ ಕಾಲದಲ್ಲೇ ಅಲ್ಲಲ್ಲಿ ಹಿತ್ತಲಲ್ಲಿ ಕಾಫಿ ಗಿಡಗಳಿದ್ದವಂತೆ. 1834ರಲ್ಲಿ ಇಂಗ್ಲಿಷರು ಚಿಕ್ಕವೀರರಾಜನನ್ನು ಇಳಿಸಿ ನಾಡನ್ನು ತಮ್ಮದಾಗಿಸಿಕೊಂಡ ಇಪ್ಪತ್ತು ವರ್ಷಕ್ಕೆ, 1854ರಲ್ಲಿ, ಫೌಲರ್ ಎಂಬಾತ ಮಡಿಕೇರಿಯ ಬಳಿ ತೋಟ ಹಾಕಿದ. ಮರುವರ್ಷ ಸಂಪಾಜೆ ಘಾಟಿಯಲ್ಲಿ ಮ್ಯಾನ್, ಅದರ ಮರುವರ್ಷ ಪೆರಿಯಂಬಾಡಿ ಘಾಟಿಯಲ್ಲಿ ಮ್ಯಾಕ್ಸ್‌ವೆಲ್. 1857ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನ ಹರ್ಮನ್ ಆನಂದರಾವ್ ಕೌಂಡಿನ್ಯ ಆನಂದಪುರವನ್ನು ಕಟ್ಟಿದರು. ಆಮೇಲೆ ಕಾಡು ಕಡಿಯುವ ಕೊಡಲಿಗೆ ಬಿಡುವಿರಲಿಲ್ಲ.

ಇವರೆಲ್ಲ ಬಂದಿಳಿದದ್ದು ಎಲ್ಲಿ? ಕೊಡಗಿಗೆ ಇಂದಿಗೂ ರೈಲಿಲ್ಲ. ಅಂದು ಹುಣಸೂರಿನ ಕಡೆಯಿಂದಾಗಲಿ, ಕಣ್ಣೂರು ಮಂಗಳೂರುಗಳಿಂದ ಘಾಟಿ ಹತ್ತಿಯಾಗಲಿ, ಎತ್ತಿನ ಗಾಡಿಯಲ್ಲೋ ಕುದುರೆಯ ಮೇಲೋ ಬರಬೇಕಿತ್ತು. ದಾರಿಯಲ್ಲಿ ಸರ್ಕಾರದ ಮುಸಾಫರಿ ಬಂಗಲೆ, ನಾವು ಈಗಲೂ ಟಿ.ಬಿ. ಎನ್ನುತ್ತೇವಲ್ಲ, ಅದೇ ಆಸರೆ. ಅಲ್ಲೊಬ್ಬ ಬಟ್ಲರ್, ಕೋಳಿ ಸಾರು, ಹೆಸರು ಬರೆಯಲೊಂದು ಪುಸ್ತಕ. ಅದು ದೊರೆಗಳಿಗೆ. ಊರಿನವರಿಗೆ ಅದರ ಅಗತ್ಯವೂ ಇರಲಿಲ್ಲ, ಒಳಗೆ ಹೋಗುವ ಧೈರ್ಯವೂ ಇರಲಿಲ್ಲ.

ಕೊಡವರ ನಾಡಿನಲ್ಲಿ ದುಡ್ಡು ಕೊಟ್ಟು ಉಣ್ಣುವುದೆಂದರೆ ವಿಚಿತ್ರವೇ ಸರಿ. ದಾರಿಹೋಕ ಐನ್‌ಮನೆಯ ಮೆಟ್ಟಿಲು ಹತ್ತಿ ಕೈಯಾಲೆಯ ಐಮರದ ಮೇಲೆ ಕುಳಿತರೆ ಒಳಗಿನಿಂದ ನೀರು ಬರುತ್ತಿತ್ತು, ಊಟವೂ ಬರುತ್ತಿತ್ತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ತಂದ ಹರ್ಮನ್ ಮೋಗ್ಲಿಂಗ್ 1850ರ ದಶಕದಲ್ಲಿ ಕೊಡಗಿಗೆ ಬಂದದ್ದೂ ಅಲ್ಮಂಡ ಮನೆತನದ ಸೋಮಯ್ಯನವರು ಕರೆದದ್ದರಿಂದ. ಇದನ್ನೆಲ್ಲ ಹೇಳುವಾಗ ನಮ್ಮವರ ಎದೆ ಉಬ್ಬುತ್ತದೆ. ಉಬ್ಬಲಿ. ಆದರೆ ಯಾರು ಕೈಯಾಲೆಯವರೆಗೆ, ಯಾರು ನೆಲ್ಲಕ್ಕಿ ನಡುಬಾಡೆಯವರೆಗೆ, ಯಾರು ಅಂಗಳದಲ್ಲೇ ಎಂಬ ಲೆಕ್ಕವೂ ಇತ್ತು. ಇನ್ನು ಆ ಅನ್ನ ಬೇಯಿಸಿದ ಕೈಗಳ ಮಾತು ಯಾವ ಚರಿತ್ರೆಯಲ್ಲಿ ಬರುತ್ತದೆ? ಮೂವತ್ತು ನಲವತ್ತು ಜನರ ಒಕ್ಕಕ್ಕೆ ಅಡಿಗೆ ಮಾಡಿ, ಹೊತ್ತಲ್ಲದ ಹೊತ್ತಿನಲ್ಲಿ ಬಂದ ನೆಂಟನಿಗೆ ಮತ್ತೆ ಒಲೆ ಹಚ್ಚಿ ಕಡಂಬುಟ್ಟು ಕಟ್ಟುವವಳಿಗೆ ‘ಅತಿಥಿ ಸತ್ಕಾರ’ ಎನ್ನುವ ದೊಡ್ಡ ಮಾತು ನೆನಪಾಗುತ್ತಿತ್ತೋ ಇಲ್ಲವೋ!

ತೋಟದ ದೊರೆಗಳು ಸ್ವಲ್ಪ ಬೇರೂರಿದ ಮೇಲೆ ಕ್ಲಬ್ಬು ಕಟ್ಟಿಕೊಂಡರು. ಪಾಲಿಬೆಟ್ಟದ ಬ್ಯಾಂಬೂ ಕ್ಲಬ್, ಸುಂಟಿಕೊಪ್ಪದ ನಾರ್ತ್ ಕೂರ್ಗ್ ಕ್ಲಬ್ ಇಂಥವು. ಮೈಲಿಗೊಂದರಂತೆ ಚದುರಿದ್ದ ಬಂಗಲೆಗಳಲ್ಲಿ ಮಳೆಗಾಲವಿಡೀ ಒಬ್ಬೊಬ್ಬರೇ ಕುಳಿತು ಹುಚ್ಚು ಹಿಡಿಯದಂತೆ ಅವರನ್ನು ಕಾಪಾಡಿದ್ದು ಈ ಕ್ಲಬ್ಬುಗಳೇ ಇರಬೇಕು. ಮೈಸೂರು ಸೀಮೆಯಿಂದ, ತುಳುನಾಡಿನಿಂದ, ಮಲಬಾರಿನಿಂದ ಮೇಸ್ತ್ರಿಯ ಮುಂಗಡ ಪಡೆದು ಬಂದ ಆಳುಗಳಿಗೆ ಲೈನ್ ಮನೆ. ಒಂದು ಕೋಣೆ, ಒಂದು ಒಲೆ. ಹಗಲೆಲ್ಲ ಕಾಫಿ ಕುಯ್ದು ಬಂದ ಹೆಂಗಸು ಆ ಒಲೆಯ ಮುಂದೆ ಕೂರಬೇಕು.

ಪೇಟೆಗಳಿಗೆ ನಿಜವಾದ ಹೋಟೆಲು ತಂದವರು ಘಾಟಿ ಕೆಳಗಿನವರು. ಇಡ್ಲಿ, ದೋಸೆ, ಗಾಜಿನ ಬೀರುವಿನಲ್ಲಿ ಮೈಸೂರು ಪಾಕು, ಮೂಲೆಯಲ್ಲಿ ಪರದೆ ಬಿಟ್ಟ ಫ್ಯಾಮಿಲಿ ರೂಮು. ಆ ಪರದೆಯ ಹಿಂದೆ ಕುಳಿತು, ಯಾರಾದರೂ ನೋಡಿಯಾರೆಂದು ಸೆರಗು ಸರಿಪಡಿಸಿಕೊಳ್ಳುತ್ತಾ ಮಸಾಲೆ ದೋಸೆ ತಿಂದ ನೆನಪು ನಿಮ್ಮಲ್ಲಿ ಹಲವರಿಗಿರಬಹುದು. ಒಂದು ವಿಶೇಷ ನೋಡಿ: ಕೊಡಗಿನ ಆ ಹೋಟೆಲುಗಳಲ್ಲಿ ಕೊಡಗಿನ ಅಡಿಗೆ ಸಿಗುತ್ತಿರಲಿಲ್ಲ. ಪಂದಿ ಕರಿ, ಕಾಚಂಪುಳಿಯ ಹುಳಿ, ಪಾಪುಟ್ಟು, ಬೈಂಬಳೆ, ಎಲ್ಲ ಮನೆಯೊಳಗೇ. ಹೆಂಗಸರೂ ಅದರ ಜೊತೆಗೆ ಒಳಗೇ.

ಅದು ಹೊರಗೆ ಬಂದದ್ದು ಕಾಫಿಯ ಬೆಲೆ ಬಿದ್ದಾಗ. 1994ರಲ್ಲಿ ಬ್ರೆಜಿಲಿನಲ್ಲಿ ಕಡುಹಿಮಕ್ಕೆ ಗಿಡಗಳು ಕರಟಿಹೋಗಿ ಇಲ್ಲಿ ಬೆಲೆ ಗಗನಕ್ಕೇರಿತ್ತು. ಕಾಫಿ ಬೋರ್ಡಿನ ಹಿಡಿತವೂ ಸಡಿಲಿ, 1996ರ ಹೊತ್ತಿಗೆ ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರಿಕೊಳ್ಳುವಂತಾಯಿತು. ಹೊಸ ಕಾರು ಬಂತು, ಮದುವೆಗಳು ದೊಡ್ಡದಾದವು. ಅಷ್ಟರಲ್ಲಿ ವಿಯೆಟ್ನಾಮಿನ ಕಾಫಿ ಲೋಕದ ಮಾರುಕಟ್ಟೆಗೆ ಸುರಿಯಿತು. 2000ದಿಂದ ಎರಡು ಮೂರು ವರ್ಷ ಕುಯ್ಲಿನ ಕೂಲಿಯೂ ಹುಟ್ಟದಂಥ ಬೆಲೆ. ಮಕ್ಕಳು ಬೆಂಗಳೂರು ಸೇರಿ ಖಾಲಿ ಬಿದ್ದ ಕೋಣೆಗಳಿಗೆ ಸುಣ್ಣ ಬಳಿದು, ಗೇಟಿಗೆ ‘ಹೋಮ್‌ಸ್ಟೇ’ ಎಂಬ ಫಲಕ ತೂಗಿಸಿದ ಮನೆಗಳು ಎಷ್ಟೋ. ಪಾಲಿಬೆಟ್ಟದ ಸುತ್ತಿನ ದೊರೆಗಳ ಬಂಗಲೆಗಳೂ ಬಾಡಿಗೆಗೆ ತೆರೆದುಕೊಂಡವು. ದೊರೆ ಮಲಗಿದ್ದ ಮಂಚದ ಮೇಲೆ ಈಗ ದುಡ್ಡಿದ್ದ ಯಾರಾದರೂ ಮಲಗಬಹುದು. ಇದರಲ್ಲಿ ನನಗೆ ಸಣ್ಣ ಸಂತೋಷವಿದೆ.

ಎಲ್ಲವೂ ಸಂತೋಷದ್ದಲ್ಲ. ವಾರದ ಕೊನೆಗೆ ಮಡಿಕೇರಿಯ ರಸ್ತೆ ದಾಟುವುದೇ ಕಷ್ಟ. ಗದ್ದೆ ತುಂಬಿಸಿ, ಗುಡ್ಡ ಕಡಿದು ಕಟ್ಟಿದವೂ ಬಹಳ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಮನೆ, ತೋಟ, ಜೀವಗಳು ಹೋದವು. ಆಗ ಕೆಲವು ವಾರ ಪ್ರವಾಸಿಗರು ಬರುವುದನ್ನೇ ತಡೆಯಬೇಕಾಯಿತು. 2020ರಲ್ಲಿ ಕೊರೊನಾ ಬಂದು ಫಲಕಗಳೆಲ್ಲ ಮತ್ತೆ ಮಳೆಯಲ್ಲಿ ನೆನೆದವು.

ನಾಪೋಕ್ಲು ಕಡೆಯ ನನ್ನ ಗೆಳತಿಯೊಬ್ಬರು 2002ರಲ್ಲಿ ಎರಡು ಕೋಣೆಯಿಂದ ಶುರುಮಾಡಿದವರು. ಬಂದವರ ಹೆಸರು, ವಿಳಾಸ ಬರೆಯಲು ಅವರಲ್ಲೊಂದು ದೊಡ್ಡ ಪುಸ್ತಕವಿದೆ. ಅದರ ಕೊನೆಯ ಪುಟಗಳಲ್ಲಿ ಸೂಜಿಮೊನೆಯಂಥ ಅಕ್ಷರದಲ್ಲಿ ಖರ್ಚಿನ ಲೆಕ್ಕ: ಅಕ್ಕಿ, ಹಂದಿ ಮಾಂಸ, ಗ್ಯಾಸ್, ಬಟ್ಟೆ ಒಗೆಯುವವಳಿಗೆ ಇಷ್ಟು. ಮೊದಲ ವರ್ಷ ಅಷ್ಟೇ ಇತ್ತು. ಎರಡನೆಯ ವರ್ಷ ಕೆಳಗೊಂದು ಸಾಲು ಸೇರಿತು: ‘ಅಡಿಗೆ, ನನ್ನ ಕೂಲಿ’. ನೋಡಿದ ಅತ್ತೆ, “ಮನೆಯ ಅಡಿಗೆಗೂ ಕೂಲಿಯಾ ಮೋಳೆ?” ಎಂದರಂತೆ. ಗೆಳತಿ ಉತ್ತರ ಕೊಡಲಿಲ್ಲ. ತೋಟದಲ್ಲಿ ಕಾಫಿ ಕುಯ್ಯುವ ಹೆಂಗಸಿಗೆ ಅಂದು ಎಷ್ಟು ಕೊಡುತ್ತಿದ್ದರೋ ಅಷ್ಟನ್ನೇ ಆ ಸಾಲಿನ ಮುಂದೆ ಬರೆದರು.