ಮರಳಿ ಬಂದವರ ಲೆಕ್ಕ ಕೂಡುವುದಿಲ್ಲ

ನೆಮ್ಮಾರಿನಲ್ಲಿ ಮಳೆಗಾಲ ಎಂದರೆ ಕರೆಂಟಿನ ಕಣ್ಣಾಮುಚ್ಚಾಲೆ. ಶೃಂಗೇರಿಯಿಂದ ಕೆರೆಕಟ್ಟೆಗೆ ಹೋಗುವ ದಾರಿಯಲ್ಲಿ, ತುಂಗೆಯ ಪಕ್ಕದ ಈ ಊರಿಗೆ ಸಂಶೋಧನೆಯ ಅಧ್ಯಾಯ ಬರೆಯುತ್ತೇನೆಂದು ಹೇಳಿ ನಾನು ಎರಡು ತಿಂಗಳು ಬಂದು ಕೂತಿದ್ದೆ. ಬರೆದದ್ದಕ್ಕಿಂತ ನೋಡಿದ್ದೇ ಹೆಚ್ಚು. ಲ್ಯಾಪ್‌ಟಾಪಿನಲ್ಲಿ ಮೊದಲೇ ಇಳಿಸಿಕೊಂಡು ತಂದಿದ್ದ ಸ್ಟಾರ್ ಟ್ರೆಕ್ ಧಾರಾವಾಹಿಗಳನ್ನು ಬ್ಯಾಟರಿ ಇರುವಷ್ಟು ಹೊತ್ತು ನೋಡುವುದು, ಮುಗಿದ ಮೇಲೆ ಜಗುಲಿಯಲ್ಲಿ ಕೂತು ಕಥೆಯಲ್ಲಿ ಎಲ್ಲಿ ತಪ್ಪಾಯಿತೆಂದು ಯೋಚಿಸುವುದು. ಈ ಬರಹ ಹುಟ್ಟಿದ್ದು ಅಲ್ಲಿ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಬೋರ್ಗ್ ಎಂಬುದು ಸ್ಟಾರ್ ಟ್ರೆಕ್‌ನಲ್ಲಿ 1989ರಲ್ಲಿ ಕಾಣಿಸಿಕೊಂಡ ಒಂದು ಸಮೂಹ. ಅರ್ಧ ದೇಹ, ಅರ್ಧ ಯಂತ್ರ. ಎಲ್ಲರಿಗೂ ಸೇರಿ ಒಂದೇ ಮನಸ್ಸು. ಸಿಕ್ಕವರನ್ನು ಅವರು ಕೊಲ್ಲುವುದಿಲ್ಲ, ತಮ್ಮೊಳಗೆ ಸೇರಿಸಿಕೊಳ್ಳುತ್ತಾರೆ. ಸೇರಿದವನಿಗೆ 'ನಾನು' ಇಲ್ಲ. ನನ್ನ ಕುತೂಹಲ ಇರುವುದು ಬೋರ್ಗ್‌ಗಳ ಬಗ್ಗೆ ಅಲ್ಲ, ಅಲ್ಲಿಂದ ಬಿಡಿಸಿಕೊಂಡು ಬಂದ ಮಾಜಿ ಬೋರ್ಗ್‌ಗಳ ಬಗ್ಗೆ. 1990ರಿಂದ 2023ರವರೆಗೆ ಇವರ ಕಥೆಯನ್ನು ಹಲವು ಲೇಖಕರು ಬರೆದರು. ಒಬ್ಬರು ಬರೆದದ್ದು ಇನ್ನೊಬ್ಬರದಕ್ಕೆ ಸರಿಯಾಗಿ ಕೂಡುವುದಿಲ್ಲ.

ಮೊದಲ ಮಾಜಿ ಕ್ಯಾಪ್ಟನ್ ಪಿಕಾರ್ಡ್. 1990ರ 'ದಿ ಬೆಸ್ಟ್ ಆಫ್ ಬೋತ್ ವರ್ಲ್ಡ್ಸ್' ಕಂತಿನಲ್ಲಿ ಬೋರ್ಗ್‌ಗಳು ಅವನನ್ನು ಹಿಡಿದು, ದೇಹವನ್ನು ಕೊರೆದು, ಲೊಕ್ಯೂಟಸ್ ಎಂದು ಹೆಸರಿಡುತ್ತಾರೆ. ಅವನ ತಿಳಿವಳಿಕೆಯನ್ನೇ ಬಳಸಿ ವುಲ್ಫ್ 359 ಎಂಬಲ್ಲಿ 39 ಹಡಗುಗಳನ್ನು ನಾಶಮಾಡುತ್ತಾರೆ. ಸತ್ತವರು ಸುಮಾರು 11,000. ಗೆಳೆಯರು ಅವನನ್ನು ಬಿಡಿಸಿ ತರುತ್ತಾರೆ, ಬೋರ್ಗ್ ಹಡಗು ಸ್ಫೋಟಿಸುತ್ತದೆ. ಕಥೆ ಮುಗಿಯಿತು ಎಂದುಕೊಳ್ಳಬೇಕು.

ಮೊದಲ ಬಿರುಕು ಕಾಣುವುದು ಏಳು ವರ್ಷಗಳ ನಂತರ. 1997ರ ಫೆಬ್ರವರಿಯಲ್ಲಿ ಬಂದ 'ವಾಯೇಜರ್' ಧಾರಾವಾಹಿಯ 'ಯೂನಿಟಿ' ಕಂತಿನಲ್ಲಿ, ನಕ್ಷತ್ರಲೋಕದ ಇನ್ನೊಂದು ತುದಿಯ ಗ್ರಹವೊಂದರಲ್ಲಿ ಮಾಜಿ ಬೋರ್ಗ್‌ಗಳ ಒಂದು ಊರೇ ಇದೆ. ಅಲ್ಲಿರುವ ರೈಲಿ ಫ್ರೇಜರ್ ಎಂಬ ವಿಜ್ಞಾನಿ ತಾನು ಸೆರೆಯಾದದ್ದು ವುಲ್ಫ್ 359ರಲ್ಲಿ ಎನ್ನುತ್ತಾಳೆ. ಆ ಯುದ್ಧಕ್ಕೆ ಬಂದದ್ದು ಒಂದೇ ಹಡಗು, ಅದು ಭೂಮಿಯ ಹತ್ತಿರ ನಾಶವಾಯಿತು. ಹಾಗಾದರೆ ಈಕೆ ಇಲ್ಲಿಗೆ ಬಂದದ್ದು ಹೇಗೆ?

ತಮಾಷೆಯೆಂದರೆ ಇದಕ್ಕೆ ಮೂರೇ ತಿಂಗಳ ಹಿಂದೆ, 1996ರ ನವೆಂಬರಿನಲ್ಲಿ ತೆರೆಕಂಡ 'ಫಸ್ಟ್ ಕಾಂಟ್ಯಾಕ್ಟ್' ಸಿನಿಮಾದಲ್ಲಿ ಇಂಥದೇ ಇನ್ನೊಂದು ತೂತು ಬಿದ್ದಿತ್ತು. ರಾಜನೂ ಇಲ್ಲ, ನಾಯಕನೂ ಇಲ್ಲ ಎಂದಿದ್ದ ಸಮೂಹಕ್ಕೆ ಆ ಸಿನಿಮಾ ಒಬ್ಬಳು ರಾಣಿಯನ್ನು ತಂದಿತು. ಪಿಕಾರ್ಡ್ ಸೆರೆಯಲ್ಲಿದ್ದಾಗ ಅವಳೂ ಅದೇ ಹಡಗಿನಲ್ಲಿದ್ದಳಂತೆ. ಹಡಗು ಹೋದ ಮೇಲೂ ಅವಳು ಉಳಿದದ್ದು ಹೇಗೆಂದರೆ ಸಿನಿಮಾ ಜಾರಿಕೆಯ ಉತ್ತರ ಕೊಟ್ಟು ಮುಂದೆ ಹೋಗುತ್ತದೆ. ನನಗೆ ಹೊಳೆದದ್ದು ಇಷ್ಟು: ಎರಡು ತೂತುಗಳನ್ನೂ ಒಂದೇ ತೇಪೆಯಿಂದ ಮುಚ್ಚಬಹುದು. ದೊಡ್ಡ ಹಡಗು ನಾಶವಾಗುವ ಮೊದಲೇ ಚಿಕ್ಕ ಹಡಗೊಂದು ಸೆರೆಯಾಳುಗಳನ್ನು ತುಂಬಿಕೊಂಡು ಹೊರಟಿತ್ತು ಎಂದರಾಯಿತು. ಅದೇ ಸಿನಿಮಾದಲ್ಲಿ ದೊಡ್ಡ ಹಡಗಿನ ಹೊಟ್ಟೆಯಿಂದ ಒಂದು ಗೋಳ ಹೊರಬರುವುದನ್ನು ನಾವು ನೋಡುತ್ತೇವಲ್ಲ.

ಎರಡನೆಯ ಬಿರುಕು ಸೆವೆನ್ ಆಫ್ ನೈನ್‌ಳದು. 1997ರ ಸೆಪ್ಟೆಂಬರಿನಲ್ಲಿ 'ವಾಯೇಜರ್' ಸೇರಿದ ಈಕೆಯ ಮೂಲ ಹೆಸರು ಆನಿಕಾ ಹ್ಯಾನ್ಸನ್. ತಂದೆ ತಾಯಿ ಬೋರ್ಗ್‌ಗಳನ್ನು ಅಧ್ಯಯನ ಮಾಡಲು ಹೋದ ವಿಜ್ಞಾನಿಗಳು, ಮಗುವಾಗಿದ್ದಾಗಲೇ ಮೂವರೂ ಸೆರೆಯಾದರು. ಕಥೆಯ ಪಂಚಾಂಗದ ಪ್ರಕಾರ ಇದು 2350ರ ದಶಕ. ಆದರೆ ಮನುಷ್ಯರಿಗೆ ಬೋರ್ಗ್‌ಗಳ ಪರಿಚಯವಾಗುವುದೇ 2365ರಲ್ಲಿ, ಪಿಕಾರ್ಡ್‌ನ ಹಡಗಿನ ಮೂಲಕ ಎಂದು 1989ರ ಕಂತು ಹೇಳಿತ್ತು. ಯಾರಿಗೂ ಗೊತ್ತಿಲ್ಲದ ಶತ್ರುವಿನ ಮೇಲೆ ಸಂಶೋಧನೆ ಮಾಡಲು ಹೊರಟವರಿದ್ದರು! ಪಿಎಚ್‌ಡಿ ಮಾಡುವವನಿಗೆ ಇದು ಅಷ್ಟೇನೂ ವಿಚಿತ್ರವಾಗಿ ಕಾಣುವುದಿಲ್ಲ ಎನ್ನಿ. ಗಾಳಿಸುದ್ದಿಯ ಹಿಂದೆ ಹೋದರು, ಮರಳಿ ಬರಲಿಲ್ಲ, ಅವರು ಕಂಡದ್ದು ಊರಿಗೆ ತಲುಪಲಿಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದು.

ಇಂಥ ಸಮಾಧಾನ ಹೇಳುವ ಕೆಲಸ ನಮಗೆ ಹೊಸದಲ್ಲ. ಪಂಪ 941ರ ಸುಮಾರಿಗೆ ಬರೆದ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಆಶ್ರಯ ಕೊಟ್ಟ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿದ ಮೇಲೆ ಕವಿಗೆ ಬೇರೆ ದಾರಿ ಇರಲಿಲ್ಲ. ಆದರೆ ದುಶ್ಶಾಸನನ ರಕ್ತದ ಶಪಥ ತೊಟ್ಟು ಅವಳ ಮುಡಿ ಕಟ್ಟುವವನು ಪಂಪನಲ್ಲೂ ಭೀಮನೇ. ಒಂದು ಕಡೆ ಕಥೆ ತಿದ್ದಿದ, ಇನ್ನೊಂದು ಕಡೆ ಹಳೆಯದು ಹಾಗೇ ಉಳಿಯಿತು. ಈ ಬಿರುಕಿನ ಬಗ್ಗೆ ನಮ್ಮ ವಿಮರ್ಶಕರು ಎಷ್ಟು ಬರೆದಿದ್ದಾರೆ ಎಂಬುದು ಕನ್ನಡ ಎಂ.ಎ. ಓದಿದವರಿಗೆಲ್ಲ ಗೊತ್ತು. ತಾಳಮದ್ದಳೆಯಲ್ಲಂತೂ ಬಿರುಕೇ ಬಂಡವಾಳ. ವಾಲಿವಧೆಯಲ್ಲಿ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ ಎಂದು ವಾಲಿ ಕೇಳದಿದ್ದರೆ ರಾಮನ ಅರ್ಥಧಾರಿಗೆ ಮಾತಾಡಲು ಏನಿದೆ?

ಹಾಗೆ ನೋಡಿದರೆ ಹಡಗಿನ ಲೆಕ್ಕ, ಇಸವಿಯ ಲೆಕ್ಕ ದೊಡ್ಡ ಬಿರುಕುಗಳಲ್ಲ. ದೊಡ್ಡದು ಬೇರೆಯೇ ಇದೆ. ಮರಳಿ ಬಂದವನು ಪೂರ್ತಿ ಮರಳಿದ್ದಾನೆಯೇ ಎಂಬ ಪ್ರಶ್ನೆಗೆ ಈ ಕಥೆಗಳು ಒಂದೊಂದು ಸಲ ಒಂದೊಂದು ಉತ್ತರ ಕೊಡುತ್ತವೆ.

1990ರಲ್ಲಿ ಪಿಕಾರ್ಡ್‌ನಿಗೆ ಸಿಕ್ಕದ್ದು ಒಂದು ಕಂತು. ಮುಂದಿನ ವಾರದ 'ಫ್ಯಾಮಿಲಿ'ಯಲ್ಲಿ ಅವನು ಫ್ರಾನ್ಸಿನ ಊರಿಗೆ ಹೋಗುತ್ತಾನೆ, ದ್ರಾಕ್ಷಿತೋಟದ ಕೆಸರಿನಲ್ಲಿ ಅಣ್ಣನೊಡನೆ ಹೊಡೆದಾಡುತ್ತಾನೆ, ಅಳುತ್ತಾನೆ. ಅಲ್ಲಿಂದ ಮತ್ತೆ ಕೆಲಸಕ್ಕೆ. 1993ರಲ್ಲಿ ವುಲ್ಫ್ 359ರಲ್ಲಿ ಹೆಂಡತಿಯನ್ನು ಕಳೆದುಕೊಂಡ ಸಿಸ್ಕೊ ಅವನೆದುರು ನಿಂತಾಗ, ಪಿಕಾರ್ಡ್‌ನನ್ನು ಎಲ್ಲರೂ ಕ್ಷಮಿಸಿಲ್ಲ ಎಂದು ನಮಗೆ ತಿಳಿಯುತ್ತದೆ. 1996ರ ಸಿನಿಮಾದಲ್ಲಿ ಅವನ ಇಲಾಖೆಯೇ ಅವನನ್ನು ನಂಬದೆ ಯುದ್ಧದಿಂದ ದೂರ ಇಡುತ್ತದೆ. ಅದೇ ಸಿನಿಮಾದಲ್ಲಿ, ಬಿಡಿಸಿ ತಂದರೆ ಬದುಕಬಹುದೆಂಬುದಕ್ಕೆ ತಾನೇ ಸಾಕ್ಷಿಯಾಗಿರುವ ಈ ಮನುಷ್ಯ, ಬೋರ್ಗ್ ಆಗಿಹೋದ ತನ್ನದೇ ಸಿಬ್ಬಂದಿಯನ್ನು ಗುಂಡಿಟ್ಟು ಕೊಲ್ಲುತ್ತಾನೆ. ಇದನ್ನು ಯಾವ ತೇಪೆಯೂ ಮುಚ್ಚುವುದಿಲ್ಲ. ಆದರೆ ಇದು ಲೇಖಕರ ತಪ್ಪೋ, ಪಿಕಾರ್ಡ್‌ನ ತಪ್ಪೋ ಎಂದು ನಾನು ಬಹಳ ಯೋಚಿಸಿದೆ. ತಾನು ಕಂಡ ನರಕವನ್ನು ಇನ್ನೊಬ್ಬನಲ್ಲಿ ಕಂಡವನು ಕನಿಕರವನ್ನೇ ತೋರಬೇಕೆಂದೇನೂ ಇಲ್ಲವಲ್ಲ.

2020ರಲ್ಲಿ 'ಪಿಕಾರ್ಡ್' ಧಾರಾವಾಹಿ ಬಂದಾಗ ಮಾಜಿ ಬೋರ್ಗ್‌ಗಳದ್ದೇ ಒಂದು ವರ್ಗವಾಗಿತ್ತು. ಯಾರಿಗೂ ಬೇಡದವರು; ಅವರ ದೇಹದ ಯಂತ್ರದ ತುಣುಕುಗಳಿಗೆ ಮಾತ್ರ ಬೆಲೆ. ಅಲ್ಲಿ ಸೆವೆನ್ ಮತ್ತು ಪಿಕಾರ್ಡ್ ಇಬ್ಬರೂ ತಮ್ಮ ಮನುಷ್ಯತ್ವ ಪೂರ್ತಿಯಾಗಿ ಮರಳಿಲ್ಲವೆಂದು ಪರಸ್ಪರ ಒಪ್ಪಿಕೊಳ್ಳುವ ಒಂದು ಚಿಕ್ಕ ಮಾತುಕತೆ ಇದೆ. ಮೂವತ್ತು ವರ್ಷಗಳ ಹೊಂದಾಣಿಕೆಯಿಲ್ಲದ ಕಥೆಗಳನ್ನು ಆ ಒಂದು ನಿಮಿಷ ಒಟ್ಟಿಗೆ ಕಟ್ಟುತ್ತದೆ. 2023ರ ಕೊನೆಯ ಸೀಸನ್ ಮತ್ತೆ ಅದನ್ನು ಬಿಚ್ಚಿತು. 1994ರಿಂದ ಮಿದುಳಿನ ಕಾಯಿಲೆ ಎಂದು ಹೇಳುತ್ತ ಬಂದದ್ದು ಕಾಯಿಲೆಯೇ ಅಲ್ಲವಂತೆ, ಬೋರ್ಗ್‌ಗಳು ಅವನೊಳಗೆ ಬಿಟ್ಟುಹೋದ ಬೀಜವಂತೆ, ಅದು ಮಗನಿಗೂ ಇಳಿದಿದೆಯಂತೆ. ಒಮ್ಮೆ ಹೋಗಿ ಬಂದವನ ರಕ್ತವೇ ಕೆಟ್ಟಿದೆ ಎಂದ ಹಾಗಾಯಿತು. ನನಗೆ ಸಿಟ್ಟು ಬಂದದ್ದು ಇಲ್ಲಿ.

ಸಿಟ್ಟಿಗೆ ಕಾರಣ ನಮ್ಮ ಮನೆಯಲ್ಲೇ ಇದೆ. ನನ್ನ ಚಿಕ್ಕಪ್ಪ ಒಂಬತ್ತು ವರ್ಷ ಮನೆಯಲ್ಲಿರಲಿಲ್ಲ. ಕುಡಿತ, ಸಾಲ, ಆಮೇಲೆ ದೂರದ ಊರಿನ ಒಂದು ಚಿಕಿತ್ಸಾ ಕೇಂದ್ರ. ಮರಳಿ ಬಂದು ಆರು ವರ್ಷವಾಯಿತು. ಈಗ ಅಡಿಕೆ ತೋಟಕ್ಕೆ ಕೊಳೆ ಔಷಧಿ ಹೊಡೆಸುವುದರಿಂದ ಹಿಡಿದು ಎಲ್ಲ ಅವರದ್ದೇ ಉಸ್ತುವಾರಿ. ಆ ಒಂಬತ್ತು ವರ್ಷದ ಕಥೆ ಮಾತ್ರ ಕೂಡುವುದಿಲ್ಲ. ಅಜ್ಜಿಯ ಪ್ರಕಾರ ಅವರು ಮುಂಬೈಯಲ್ಲಿ ಹೋಟೆಲ್ ನಡೆಸುತ್ತಿದ್ದರು. ಅಪ್ಪ ನೆಂಟರೆದುರು ಹೇಳುವುದು ಬೆನ್ನುನೋವಿಗೆ ಆಯುರ್ವೇದ ಚಿಕಿತ್ಸೆ ಎಂದು. ಅತ್ತೆಯ ಮಗಳ ಮದುವೆ ಮಾತುಕತೆಗೆ ಬಂದವರಿಗೆ, ನಮ್ಮ ಮನೆಯಲ್ಲಿ ಅಂಥವರು ಯಾರೂ ಇಲ್ಲ ಎಂದೇ ಹೇಳಿದ್ದರು. ಚಿಕ್ಕಪ್ಪ ಅಂದು ತೋಟದ ಮನೆಯಲ್ಲಿದ್ದರು.

ನಮ್ಮ ಜಿಲ್ಲೆಯ ದೇವನೂರಿನ ಲಕ್ಷ್ಮೀಶ ಜೈಮಿನಿ ಭಾರತದಲ್ಲಿ ಚಂಡಿಯ ಕಥೆ ಹೇಳಿದ್ದಾನೆ. ಉದ್ದಾಲಕನ ಶಾಪದಿಂದ ಕಲ್ಲಾದವಳು ಅರ್ಜುನ ಮುಟ್ಟಿದಾಗ ಮತ್ತೆ ಹೆಣ್ಣಾಗುತ್ತಾಳೆ. ಕುದುರೆ ಮುಂದೆ ಹೋಗುತ್ತದೆ, ಕಥೆಯೂ ಮುಂದೆ ಹೋಗುತ್ತದೆ. ಕಲ್ಲಾಗಿದ್ದಾಗ ಅವಳಿಗೆ ಏನನ್ನಿಸುತ್ತಿತ್ತು ಎಂದು ಯಾರೂ ಕೇಳುವುದಿಲ್ಲ. ಮರಳಿ ಬಂದವರ ಕಥೆ ಕೂಡದಿರುವುದು ಇದಕ್ಕೇ ಎಂದು ಈಗ ನನಗನ್ನಿಸುತ್ತದೆ. ಅದನ್ನು ಹೇಳುವವರು ಸುತ್ತಲಿನವರು. ಒಬ್ಬೊಬ್ಬರಿಗೆ ಒಂದೊಂದು ಅಗತ್ಯ.

ಒಂದು ಸಂಜೆ ನಾನು 'ಫ್ಯಾಮಿಲಿ' ನೋಡುತ್ತಿದ್ದಾಗ ಚಿಕ್ಕಪ್ಪ ಬಂದು ಪಕ್ಕದಲ್ಲಿ ಕೂತರು.

"ಇದೆಂತ, ತೋಟವಾ?"

"ದ್ರಾಕ್ಷಿ ತೋಟ ಚಿಕ್ಕಪ್ಪ. ಅಣ್ಣ ತಮ್ಮ."

ಇಬ್ಬರೂ ಕೆಸರಿನಲ್ಲಿ ಬಿದ್ದು ಹೊಡೆದಾಡಿ, ತಮ್ಮ ಅಳುವವರೆಗೂ ಸುಮ್ಮನೆ ನೋಡಿದರು. ಆಮೇಲೆ, "ನಮ್ಮನೇಲಿ ಯಾರೂ ಜಗಳನೇ ಆಡ್ಲಿಲ್ಲ ಮಾರಾಯ" ಎಂದರು.

ಅಷ್ಟರಲ್ಲಿ ಬ್ಯಾಟರಿ ಮುಗಿಯಿತು. ನಾನು ಲ್ಯಾಪ್‌ಟಾಪು ಮಡಚಿ, ಆರು ವರ್ಷದಲ್ಲಿ ಮೊದಲ ಸಲ, "ಅಲ್ಲಿ ಹೇಗಿತ್ತು ಚಿಕ್ಕಪ್ಪ?" ಎಂದು ಕೇಳಿದೆ. ಅವರು ಹೇಳಲು ಶುರುಮಾಡಿದರು. ಅದು ಅಜ್ಜಿಯ ಕಥೆಗೂ ಅಪ್ಪನ ಕಥೆಗೂ ಎಲ್ಲೂ ಕೂಡಲಿಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವರದ್ದು.